ಶನಿವಾರದ ಕಪ್ಪು ಕಾಗದ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ವಕ್ಕಲೇರಿ ಹೋಬಳಿಯ ಈ ಹಳ್ಳಿಯಲ್ಲಿ ಡೈರಿ ಮುಂದಿನ ಹಾಲಿನ ಸಾಲು ಆಗಲೇ ಅರಳೀಕಟ್ಟೆ ಮುಟ್ಟಿದೆ. ಸ್ಟೀಲ್ ಕ್ಯಾನು, ಬಕೆಟ್ಟು, ಬಾಯಿಗೆ ಬಟ್ಟೆ ಕಟ್ಟಿದ ತಂಬಿಗೆ. ಮಂಜು ಟೊಮೆಟೊ ತೋಟದ ಊರುಗೋಲುಗಳ ಎತ್ತರಕ್ಕೇ ನಿಂತುಬಿಟ್ಟಿದೆ, ಮೇಲಕ್ಕೂ ಏಳದು, ಕೆಳಕ್ಕೂ ಇಳಿಯದು. ಸಾಲಿನಲ್ಲಿರುವವರೆಲ್ಲ ತಮ್ಮ ತಮ್ಮ ಕ್ಯಾನು ನೋಡಿಕೊಂಡಿದ್ದರೆ ಒಬ್ಬರು ಮಾತ್ರ ಡೈರಿಯ ಪಕ್ಕದ ಕಬ್ಬಿಣದ ಏಣಿ ಹತ್ತುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಹೆಗಲಿಗೆ ನೀಲಿ ಐಸ್ ಡಬ್ಬ, ಕಿವಿ ಮುಚ್ಚುವ ಹಾಗೆ ಗಂಡನ ಮಫ್ಲರು.

"ಮುನಿಯಲ್ಲಕ್ಕಾ, ನೋಡ್ಕೊಂಡು! ಇಬ್ಬನಿಗೆ ಏಣಿ ಜಾರ್ತದೆ," ಎಂದು ಕೆಳಗಿನಿಂದ ಯಾರೋ ಕೂಗುತ್ತಾರೆ.

"ಏಣಿ ಜಾರಲ್ಲಪ್ಪ, ಹತ್ತೋರು ಜಾರ್ತಾರೆ. ನೀನು ನಿನ್ನ ಹಾಲಿನ ಫ್ಯಾಟು ನೋಡ್ಕೋ ಹೋಗು."

ಸಾಲು ನಗುತ್ತದೆ. ಐವತ್ನಾಲ್ಕು ವರ್ಷದ ಮುನಿಯಲ್ಲಮ್ಮ ಹಿಂತಿರುಗಿ ನೋಡದೆ ತಾರಸಿ ಸೇರುತ್ತಾರೆ.

ಮೇಲೆ, ಮೂರು ಕಾಲಿನ ಸ್ಟೂಲಿಗೆ ಟೋಪಿ ಇಟ್ಟಂತೆ ಕಾಣುವ ಒಂದು ಯಂತ್ರ ಗುಂಯ್ ಅನ್ನುತ್ತಿದೆ. ನಿಮಿಷಕ್ಕೆ ಹದಿನೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ಹಗಲೂ ರಾತ್ರಿ. ಅವರು ಗಡಿಯಾರ ನೋಡಿ ಸ್ವಿಚ್ಚು ಆರಿಸುತ್ತಾರೆ. ತೆಳು ಗ್ಲೌಸು ಹಾಕಿಕೊಳ್ಳುತ್ತಾರೆ. ಉಸಿರು ಬಿಗಿ ಹಿಡಿದು, ಚಿಮುಟದಲ್ಲಿ ಅಂಚು ಮಾತ್ರ ಹಿಡಿದು, ಯಂತ್ರದ ಹೊಟ್ಟೆಯಿಂದ ಒಂದು ಪುಟ್ಟ ದುಂಡನೆ ಕಾಗದ ಎತ್ತುತ್ತಾರೆ. ನಿಪ್ಪಟ್ಟಿನಷ್ಟು ಅಗಲ. ಅದನ್ನು ಬೆಳಕಿಗೆ ಹಿಡಿದು ನೋಡುವಾಗ ಅವರ ಮುಖದಲ್ಲಿ ಮಗುವಿನ ಹಣೆ ಮುಟ್ಟಿ ಜ್ವರ ಇದೆಯೋ ಇಲ್ಲವೋ ನೋಡುವ ತಾಯಿಯ ಎಚ್ಚರ.

"ಇವತ್ತು ಶನಿವಾರ," ಅನ್ನುತ್ತಾರೆ, ತಮಗೇ ಹೇಳಿಕೊಂಡ ಹಾಗೆ. ಕಾಗದದ ಬಣ್ಣ ಮಾಸಿದ ಬಿಳಿ. ಅವರ ತುಟಿಯ ಮೂಲೆ ಒಂದಿಷ್ಟು ಏಳುತ್ತದೆ. ಕಾಗದ ಡಬ್ಬಿಗೆ, ಡಬ್ಬಿ ಐಸಿಗೆ, ಹೊಸ ಕಾಗದ ಯಂತ್ರಕ್ಕೆ. ಎಲ್ಲ ಸೇರಿ ಆರು ನಿಮಿಷದ ಕೆಲಸ.

ಈ ಆರು ನಿಮಿಷದಲ್ಲಿ ಏನಿದೆ ಮಹಾ ಅಂತ ಕೇಳಬಹುದು. ಈ ಕಾಗದಕ್ಕಾಗಿ ಒಂದು ವರ್ಷದ ಹಿಂದೆ ಈಕೆ ಸುಳ್ಳಿ ಅನ್ನಿಸಿಕೊಳ್ಳುವುದರಲ್ಲಿದ್ದರು. ಈಗ ಇದೇ ಕಾಗದದಿಂದಾಗಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇವರಿಗೆ ಶಿಷ್ಯೆಯರಿದ್ದಾರೆ. ನಿಧಾನವಾಗಿ ಹೇಳಬೇಕಾದ ವಿಷಯ ಇದು, ನಿಧಾನವಾಗಿಯೇ ಹೇಳುತ್ತೇನೆ.

ಮುನಿಯಲ್ಲಮ್ಮನ ತವರು ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ಸೀಮೆ. ಮನೆಮಾತು ತೆಲುಗು, ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಕನ್ನಡ. ಮದುವೆಯಾಗಿ ಈ ಊರಿಗೆ ಬಂದರು. ಗಂಡ ಅಶ್ವತ್ಥಪ್ಪನಿಗೆ ಒಂದೂವರೆ ಎಕರೆ ಜಮೀನು, ಅರ್ಧಕ್ಕೆ ಟೊಮೆಟೊ, ಅರ್ಧಕ್ಕೆ ಹಿಪ್ಪುನೇರಳೆ. ಅದರ ಜೊತೆಗೆ ಇಪ್ಪತ್ತು ವರ್ಷ ಇವರು ಇದೇ ಡೈರಿಯಲ್ಲಿ ಕ್ಯಾನು ತೊಳೆದರು. ಚಳಿಯಲ್ಲಿ ಸೋಡಾ ಪುಡಿ ಹಾಕಿ, ಬಿಸಿನೀರು ಎರೆದು, ಮೊಣಕೈವರೆಗೆ ಕ್ಯಾನಿನೊಳಗೆ ಇಳಿದು ತಿಕ್ಕುವ ಕೆಲಸ.

"ಇಪ್ಪತ್ತು ವರ್ಷದಾಗೆ ನಾನು ತೊಳೆದ ಕ್ಯಾನಲ್ಲಿ ಹಾಲು ಒಡೆದಿದ್ದು ಇಲ್ಲ," ಅನ್ನುತ್ತಾರೆ. "ಬೇಕಾದ್ರೆ ಸೊಣ್ಣಪ್ಪಣ್ಣನ್ನ ಕೇಳಿ."

ಸೊಣ್ಣಪ್ಪ ಡೈರಿಯ ಕಾರ್ಯದರ್ಶಿ. ಕೇಳುವ ಮೊದಲೇ ಹೇಳುತ್ತಾರೆ: "ಒಂದು ಸಲ ಒಡೀತಮ್ಮ. ಆಮೇಲೆ ನೋಡಿದ್ರೆ ಆ ಕ್ಯಾನು ತೊಳೆದಿದ್ದು ನಾನು."

ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಒಂದು ಸಂಶೋಧನಾ ತಂಡ ಬಂತು. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಉಬ್ಬಸ, ಕೆಮ್ಮು ಯಾಕೆ ಏರುತ್ತಿದೆ, ಗಾಳಿಯಲ್ಲಿರುವ ಯಾವ ಹೊಗೆ ಯಾರ ಎದೆಗೆ ಏನು ಮಾಡುತ್ತಿದೆ ಅನ್ನುವುದನ್ನು ಹುಡುಕುವ ತಂಡ. ನಮ್ಮ ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಸೀನಿದರೆ ಆಚೆ. ಇವರು ಹುಡುಕುವುದು ಕಾಣದ ಧೂಳು. ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲು. ಅದು ಮೂಗಿಗೂ ಗಂಟಲಿಗೂ ಸಿಗದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಉಬ್ಬಸಕ್ಕಷ್ಟೇ ಅಲ್ಲ, ಎದೆನೋವಿಗೂ ಲಕ್ವಕ್ಕೂ ಅದರ ಕೈ ಇದೆ ಎನ್ನುತ್ತಾರೆ ಡಾಕ್ಟರುಗಳು.

ಯಂತ್ರಕ್ಕೆ ತಪ್ಪದೆ ಕರೆಂಟು ಬೇಕು. ಹಾಲು ತಣ್ಣಗಿಡುವ ಡೈರಿಗೆ ಜನರೇಟರ್ ಇದೆ, ಹಾಗಾಗಿ ಡೈರಿಯ ತಾರಸಿಯೇ ಸರಿ ಅಂತಾಯಿತು. ದಿನಾ ಕಾಗದ ಬದಲಿಸಲು ಡಿಗ್ರಿ ಓದಿದ ಒಬ್ಬರನ್ನು ನೇಮಿಸಿದರು. ಡಿಸೆಂಬರಿನ ಬೆಳಗಿನ ಆರು ಗಂಟೆ ಅವರಿಗೆ ಹಿಡಿಸಲಿಲ್ಲ, ತಿಂಗಳಿಗೇ ಬಿಟ್ಟರು. ಕೆಳಗೆ ಕ್ಯಾನು ತೊಳೆಯುತ್ತಿದ್ದ ಮುನಿಯಲ್ಲಮ್ಮನನ್ನು ಸೊಣ್ಣಪ್ಪ ತೋರಿಸಿದರು: "ಈಯಮ್ಮನ ಕೈ ನೋಡಿ ಸಾರ್. ಉಗುರಲ್ಲಿ ಒಂದು ಚೂರು ಕೊಳೆ ಕಂಡ್ರೆ ನನ್ನ ಕೇಳಿ."

ಕೆಲಸದ ಇನ್ನೊಂದು ಅರ್ಧ ಊದಾಟ. ಒಂದು ಕೊಳವೆ ಇದೆ. ಜೋರಾಗಿ ಒಂದೇ ಉಸಿರಿಗೆ ಊದಿದರೆ ಮುಳ್ಳು ಮುಂದಕ್ಕೆ ಓಡಿ ಒಂದು ಅಂಕಿ ಮೇಲೆ ನಿಲ್ಲುತ್ತದೆ. ಅಂಕಿ ಹೆಚ್ಚಿದಷ್ಟೂ ಎದೆ ಸಲೀಸು. ಹಳ್ಳಿಯಲ್ಲಿ ಮನೆಮನೆ ಸುತ್ತಿ ಊದಿಸಲು ಹೋದ ತಂಡಕ್ಕೆ ಯಾರೂ ಸಿಗಲಿಲ್ಲ. ಮುನಿಯಲ್ಲಮ್ಮ ಅದನ್ನು ಹಾಲಿನ ಸಾಲಿಗೇ ತಂದರು. ಹಾಲು ಕೊಡುವವರಿಗೆಲ್ಲ ಡೈರಿಯಲ್ಲಿ ಒಂದೊಂದು ನಂಬರಿದೆ. ಹಾಲು ಅಳೆದು, ಫ್ಯಾಟು ನೋಡಿ ಚೀಟಿ ಬರುವವರೆಗೆ ಎರಡು ನಿಮಿಷ ನಿಲ್ಲಲೇಬೇಕು. ಆ ಎರಡು ನಿಮಿಷದಲ್ಲಿ ಮೂರು ಸಲ ಊದುವುದು, ಮೂರರಲ್ಲಿ ದೊಡ್ಡದನ್ನು ಅದೇ ನಂಬರಿನ ಮುಂದೆ ಬರೆಯುವುದು. ಅರವತ್ತೆರಡು ಜನ ಒಪ್ಪಿ ಹೆಸರು ಕೊಟ್ಟರು.

"ಹಾಲಿಗೆ ನೀರು ಹಾಕಿದ್ರೆ ನಾನು ಹಿಡೀತೀನಿ, ಗಾಳಿಗೆ ಹೊಗೆ ಹಾಕಿದ್ರೆ ನೀನು ಹಿಡಿಯಮ್ಮ," ಎಂದು ಸೊಣ್ಣಪ್ಪ ಆವತ್ತು ತಮಾಷೆ ಮಾಡಿದರಂತೆ. ಆ ಮಾತು ಹಾಗೇ ನಿಜವಾಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಅರವತ್ತೆರಡು ಜನರಲ್ಲಿ ಮುನಿಯಲ್ಲಮ್ಮನ ಕಣ್ಣು ಹೆಚ್ಚಾಗಿ ಇರುವುದು ಒಬ್ಬಳ ಮೇಲೆ. ನಂಬರು ನಲವತ್ತೊಂದು, ಸುನಂದ. ಇವರ ಸೊಸೆ, ಅತ್ತೆ ಡೈರಿ ಕೆಲಸದಲ್ಲಿರುವುದರಿಂದ ಮನೆಯ ಹಾಲು ತರುವವಳು ಅವಳೇ. ಬಂದಾಗ ಎರಡು ಬಿಂದಿಗೆ ಹೊತ್ತು ನಗುತ್ತಾ ನಡೆಯುತ್ತಿದ್ದ ಹುಡುಗಿಗೆ ನಾಲ್ಕೈದು ವರ್ಷದಲ್ಲಿ ಉಸಿರು ಕಟ್ಟತೊಡಗಿತು. ಹೋದ ಚಳಿಗಾಲದಲ್ಲಿ ಎರಡು ಸಲ ಆಟೋದಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಓಡಬೇಕಾಯಿತು. ಸಾಧಾರಣ ದಿನ ಮುನ್ನೂರ ಹತ್ತು ಊದುವವಳು ಕೆಲವು ದಿನ ಇನ್ನೂರ ನಲವತ್ತಕ್ಕೆ ಸುಸ್ತಾಗಿ ಕೂರುತ್ತಿದ್ದಳು.

"ಯಾಕೆ ಅಂತ ಯಾರೂ ಹೇಳ್ಲಿಲ್ಲ," ಅನ್ನುತ್ತಾರೆ ಅತ್ತೆ. "ಒಬ್ರು ಇಟ್ಟಿಗೆ ಗೂಡು ಅಂದ್ರು, ಒಬ್ರು ಹೈವೇ ಲಾರಿ ಅಂದ್ರು. ಒಬ್ಬಾಕೆ ದೃಷ್ಟಿ ಅಂದ್ಲು. ಮೂರಕ್ಕೂ ನಿವಾಳಿಸಿದ್ವಿ."

ಆ ಚಳಿಗಾಲದಲ್ಲೇ ಅದು ಆಗಿದ್ದು. ಸಂಕ್ರಾಂತಿಯ ಮಾರನೇ ವಾರ ತಂಡದ ಕ್ಷೇತ್ರಾಧಿಕಾರಿ ಶಿವಕುಮಾರ್ ಒಂದು ಪಟ್ಟಿ ಹಿಡಿದುಕೊಂಡು ಬಂದರು. ಹನ್ನೊಂದು ಕಾಗದ ತಿರಸ್ಕಾರವಾಗಿದೆ. ಬೇರೆ ದಿನದ ಕಾಗದ ಬೂದು ಬಣ್ಣ, ಈ ಹನ್ನೊಂದು ಮಾತ್ರ ಬಾಣಲೆ ತಳದ ಹಾಗೆ ಕಪ್ಪು. ಯಾರೋ ಒಲೆಯ ಹತ್ತಿರ ಇಟ್ಟಿದ್ದಾರೆ, ಇಲ್ಲವೇ ಕೊಳೆ ಕೈಯಲ್ಲಿ ಮುಟ್ಟಿದ್ದಾರೆ ಅನ್ನುವುದು ಪ್ರಯೋಗಾಲಯದವರ ಮಾತು.

ಆವತ್ತಿನ ಮಾತುಕತೆಯನ್ನು ಮುನಿಯಲ್ಲಮ್ಮ ಈಗಲೂ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಾರೆ.

"ನೋಡಮ್ಮ, ಹನ್ನೊಂದೂ ಶುಕ್ರವಾರದ ಕಾಗದ. ಶುಕ್ರವಾರ ಮನೇಲಿ ಏನ್ ಮಾಡ್ತೀರಿ? ಪೂಜೆ ಗೀಜೆ, ಸಾಂಬ್ರಾಣಿ ಹೊಗೆ ಹಾಕ್ತೀರಾ ಡಬ್ಬದ ಹತ್ರ?"

"ಡಬ್ಬ ಮನೆಗೇ ಹೋಗಲ್ಲ ಸಾರ್. ಡೈರಿ ಫ್ರಿಜ್ಜಲ್ಲಿರ್ತದೆ, ಬೀಗ ಸೊಣ್ಣಪ್ಪಣ್ಣನತ್ರ."

"ಮತ್ತೆ ಶುಕ್ರವಾರಾನೇ ಯಾಕೆ?"

"ಶುಕ್ರವಾರ ನಮ್ಮನೇಲಿ ಸಾಂಬ್ರಾಣಿ ಇಲ್ಲ ಸಾರ್. ನಮ್ದು ಶನಿವಾರ."

ಶಿವಕುಮಾರ್ ತಲೆ ಅಲ್ಲಾಡಿಸಿದರು. ಕೆಟ್ಟ ಮನುಷ್ಯರಲ್ಲ, ಮೇಲಿನವರ ಮಾತು ತಂದವರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ, ಈ ಹನ್ನೊಂದು ಕಾಗದವಂತೂ ಲೆಕ್ಕದಿಂದ ಹೊರಗೆ ಅಂದರು. ಬೈಕು ಹತ್ತಿ ಹೋದರು.

"ಕೆಲಸ ಹೋದ್ರೆ ಹೋಗ್ಲಿ, ಕ್ಯಾನು ಎಲ್ಲಿಗೂ ಹೋಗಲ್ಲ," ಅನ್ನುತ್ತಾರೆ ಮುನಿಯಲ್ಲಮ್ಮ. "ಆದ್ರೆ ಕೊಳೆ ಕೈ ಅಂದ್ರಲ್ಲ. ಆ ಮಾತು ಎದೆಗೆ ಹೊಡೀತು. ಇನ್ನೊಂದು, ಆ ಕಾಗದ ಬುಟ್ಟಿಗೆ ಹಾಕಿದ್ರೆ ನನ್ನ ಸೊಸೆ ಉಸಿರು ಯಾಕೆ ಕಟ್ತದೆ ಅನ್ನೋದೂ ಬುಟ್ಟಿಗೇ ಹೋಗ್ತದೆ."

ಮನೆ ಕಡೆ ನಡೆಯುತ್ತಾ ಅರ್ಧ ದಾರಿಯಲ್ಲಿ ನಿಂತರು. ತಾವೇ ಆಡಿದ ಮಾತು ತಿರುಗಿ ಬಂದು ಮುಂದೆ ನಿಂತಿತ್ತು. ನಮ್ಮದು ಶನಿವಾರ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಒಂದೊಂದು ಮನೆದೇವರಿಗೆ ಒಂದೊಂದು ವಾರ. ತಿರುಪತಿ ತಿಮ್ಮಪ್ಪನ ಒಕ್ಕಲಿಗೆ ಶನಿವಾರ, ಭೈರವನ ಒಕ್ಕಲಿಗೆ ಸೋಮವಾರ. ಆ ದಿನ ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿದ ಮೇಲೆಯೇ ಹಸುವಿನ ಕೆಚ್ಚಲು ಮುಟ್ಟುವುದು. ಡೈರಿಯ ಹಾಲು ಆರಕ್ಕೆ ಅಂದರೆ ಬಚ್ಚಲೊಲೆ ನಾಲ್ಕಕ್ಕೇ ಉರಿಯಬೇಕು. ಈ ಊರಿನ ನೂರೆಂಬತ್ತು ಮನೆಯಲ್ಲಿ ಮುಕ್ಕಾಲುಪಾಲು ತಿಮ್ಮಪ್ಪನ ಒಕ್ಕಲು. ಅಂದರೆ ಶನಿವಾರ ಬೆಳಗಿನ ಜಾವ ನೂರಮೂವತ್ತು ಹಂಡೆಯ ಕೆಳಗೆ ಒಟ್ಟಿಗೇ ಬೆಂಕಿ.

ಹಂಡೆಗೆ ಬೆಂಕಿ ಹತ್ತಿಸುವುದು ಯಾವುದರಿಂದ? ಟೊಮೆಟೊ ಸಾಲಿನ ಮೇಲೆ ಹೊದಿಸುತ್ತಾರಲ್ಲ, ಕಪ್ಪು ಪ್ಲಾಸ್ಟಿಕ್ಕಿನ ಮಲ್ಚಿಂಗ್ ಶೀಟು, ಅದರ ಚೂರುಗಳಿಂದ. ಬೆಳೆ ಮುಗಿದ ಮೇಲೆ ಕಿತ್ತ ಶೀಟನ್ನು ಯಾರೂ ಕೊಳ್ಳುವುದಿಲ್ಲ, ಮಣ್ಣು ಮೆತ್ತಿರುತ್ತದೆ. ಬದುವಿನ ಮೇಲೆ ಗುಡ್ಡೆ. ಒಂದು ಗೇಣು ಹರಿದು ಕಡ್ಡಿ ಗೀರಿದರೆ ಒದ್ದೆ ಸೌದೆಯೂ ಹೊತ್ತಿಕೊಳ್ಳುತ್ತದೆ. ಹತ್ತು ವರ್ಷದಿಂದ ಊರಿಗೆ ಊರೇ ಹಾಗೆ ಮಾಡುತ್ತಿದೆ. ಮುನಿಯಲ್ಲಮ್ಮನ ಮನೆಯಲ್ಲೂ.

"ಸುನಂದಂಗೆ ನಾನೇ ಕಲಿಸಿಕೊಟ್ಟಿದ್ದು," ಎಂದು ನೆಲ ನೋಡುತ್ತಾರೆ. "ಬಂದ ಹೊಸದ್ರಲ್ಲಿ ಊದಿ ಊದಿ ಕಣ್ಣಲ್ಲಿ ನೀರು ಹಾಕ್ಕೋತಿದ್ಲು. ಯಾಕೆ ಕಷ್ಟ ಪಡ್ತೀಯೇ, ಒಂದು ಚೂರು ಶೀಟು ಇಡು ಅಂದೆ. ಮೇಲೆ ಹತ್ತಿ ಗ್ಲೌಸು ಹಾಕ್ಕೊಂಡು ಗಾಳಿ ಕಾಯೋಳು ನಾನೇ, ಕೆಳಗೆ ಅದನ್ನ ಕೆಡಿಸೋಳೂ ನಾನೇ."

ಆದರೂ ಒಂದು ಗಂಟು ಬಿಚ್ಚಬೇಕಿತ್ತು. ಹೊಗೆ ಶನಿವಾರದ್ದಾದರೆ ಪಟ್ಟಿಯಲ್ಲಿ ಶುಕ್ರವಾರ ಯಾಕಿದೆ? ಓದಿದವರು ಎಡವಿದ್ದು ಇಲ್ಲೇ. ಕಾಗದದ ಮೇಲೆ ಬರೆಯುವುದು ಅದನ್ನು ಹಾಕಿದ ದಿನ. ಶುಕ್ರವಾರ ಆರಕ್ಕೆ ಹಾಕಿದ ಕಾಗದ ಶನಿವಾರ ಆರರವರೆಗೆ ಯಂತ್ರದಲ್ಲೇ ಇರುತ್ತದೆ. ನಾಲ್ಕರ ಹೊಗೆಯೆಲ್ಲ ಅದರ ಮೇಲೇ ಕೂರುತ್ತದೆ. ಬೆಂಗಳೂರಿನವರು ಶುಕ್ರವಾರದ ಹಗಲನ್ನೆಲ್ಲ ಜಾಲಾಡುತ್ತಿದ್ದರು. ಬೆಂಕಿ ಹತ್ತಿದ್ದು ಮಾರನೇ ದಿನ ಕೋಳಿ ಕೂಗುವ ಮುಂಚೆ.

ಮಧ್ಯಾಹ್ನ ಜಗಲಿಯ ಮೇಲೆ ಊದಾಟದ ಪುಸ್ತಕ ಬಿಚ್ಚಿ ಕುಳಿತರು. ಶನಿವಾರದ ಪುಟಕ್ಕೆಲ್ಲ ಒಂದೊಂದು ಹುಣಸೆ ಬೀಜ ಇಟ್ಟರು. ಬೆರಳಿಟ್ಟು ಒಂದೊಂದೇ ನಂಬರು ಓದಿದರು. ಅರವತ್ತೆರಡು ಜನರಲ್ಲಿ ನಲವತ್ತನಾಲ್ಕು ಜನರ ಉಸಿರು ಬೀಜ ಇಟ್ಟ ಪುಟದಲ್ಲಿ ಕುಸಿದಿತ್ತು. ನಲವತ್ತೊಂದನೇ ನಂಬರಿನದು ಎಲ್ಲರಿಗಿಂತ ಕೆಳಗೆ.

ಕ್ಯಾಲನೂರು ಕಡೆ ಇನ್ನೊಂದು ಹಳ್ಳಿಯಲ್ಲಿ ಇದೇ ಕೆಲಸ ಮಾಡುವ ಆಶಾರಾಣಿಗೆ ಫೋನು ಹಚ್ಚಿದರು. ಇಬ್ಬರೂ ತಿಂಗಳಿಗೊಮ್ಮೆ ಕೋಲಾರದಲ್ಲಿ ಡಬ್ಬಿ ಒಪ್ಪಿಸುವಾಗ ಸಿಗುವವರು.

"ಏನಮ್ಮಿ, ನಿನ್ನ ಕಾಗದ ಯಾವತ್ತಾದ್ರೂ ಕಪ್ಪಗೆ ಬರ್ತದಾ?"

ಆ ಕಡೆಯಿಂದ ಸಣ್ಣ ದನಿ: "ಬರ್ತದೆ ಕಣಕ್ಕ. ಸೋಮವಾರ ತೆಗೆಯೋದು. ನಾನೇ ಏನೋ ತಪ್ಪು ಮಾಡ್ತೀನೇನೋ ಅಂತ ಬಾಯಿ ಮುಚ್ಕೊಂಡಿದ್ದೆ. ಯಾರಿಗೂ ಹೇಳ್ಬೇಡ."

"ನಿಮ್ಮೂರ ಮನೆದೇವರು ಯಾರೇ?"

"ಭೈರವಸ್ವಾಮಿ. ಯಾಕಕ್ಕ?"

"ವಾರ?"

"ಸೋಮವಾರ... ಅಯ್ಯೋ ದೇವುಡಾ!" ಆಶಾರಾಣಿಗೆ ತೆಲುಗೇ ಬಂದುಬಿಟ್ಟಿತು.

ಮಾರನೇ ದಿನ ಬೆಳಿಗ್ಗೆ ಮುನಿಯಲ್ಲಮ್ಮ ಶಿವಕುಮಾರ್ ಅವರಿಗೆ ಫೋನು ಮಾಡಿ ಮೊದಲು ಕೇಳಿದ್ದು ಖಾಲಿ ಕಾಗದದ ವಿಚಾರ. ಇದೂ ಈ ಕಸುಬಿನ ಒಂದು ಕಟ್ಟಳೆ. ಹತ್ತು ದಿನಕ್ಕೊಮ್ಮೆ ಒಂದು ಕಾಗದವನ್ನು ಅದೇ ಡಬ್ಬದಲ್ಲಿ, ಅದೇ ಕೈಯಲ್ಲಿ ಒಯ್ದು, ಯಂತ್ರಕ್ಕೆ ಕೂರಿಸಿ, ಓಡಿಸದೆ ಹಾಗೇ ವಾಪಸು ತೆಗೆದು ಕಳಿಸಬೇಕು. ಅದಕ್ಕೆ ಗಾಳಿ ತಾಕಿರುವುದಿಲ್ಲ. ಕೈ ಮಾತ್ರ ತಾಕಿರುತ್ತದೆ.

"ಕೈ ಕೊಳೆಯಾಗಿದ್ರೆ ಖಾಲಿ ಕಾಗದಾನೂ ಕಪ್ಪಾಗ್ಬೇಕಲ್ಲ ಸಾರ್? ಆ ಹನ್ನೊಂದರ ಜೊತೆಗೆ ಏಳು ಖಾಲಿ ಬಂದವೆ. ತೆಗೆದು ನೋಡಿ ಅಂದೆ. ಆಮೇಲೆ ಶನಿವಾರದ ವಿಷಯ ಹೇಳ್ದೆ. ಕ್ಯಾಲನೂರ ಸೋಮವಾರದ್ದೂ ಹೇಳ್ದೆ. ಅವ್ರು, ಇಲ್ಲಮ್ಮ, ಗೂಡಿನವರು ವಾರಕ್ಕೊಂದು ದಿನ ಏನಾದ್ರೂ ಬೇರೆ ಸುಡ್ತಿರಬಹುದು ಅಂದ್ರು. ನಾನು ಕೇಳ್ದೆ, ಈ ಊರಲ್ಲಿ ಶನಿವಾರ, ಆ ಊರಲ್ಲಿ ಸೋಮವಾರ, ಗೂಡಿಗೂ ಮನೆದೇವ್ರು ಇರ್ತಾನಾ ಸಾರ್?"

ಶಿವಕುಮಾರ್ ಈ ಪ್ರಶ್ನೆಯನ್ನು ಬೆಂಗಳೂರಿನ ಸಭೆಯಲ್ಲಿ ಹಾಗೇ ಹೇಳಿದರಂತೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಏಳೂ ಖಾಲಿ ಕಾಗದ ತೆಗೆದು ನೋಡಿದರು, ಹಾಲಿನ ಕೆನೆಯಷ್ಟು ಬೆಳ್ಳಗಿದ್ದವು. ಕಪ್ಪು ಕಾಗದದ ಒಂದು ಚೂರು ಕತ್ತರಿಸಿ ಪರೀಕ್ಷೆ ಮಾಡಿದರು. ಸೌದೆ ಸುಟ್ಟರೆ ಒಂದು ಗುರುತು ಬಿಡುತ್ತದೆ, ಡೀಸೆಲ್ ಒಂದು, ಪ್ಲಾಸ್ಟಿಕ್ ಇನ್ನೊಂದು. ಹನ್ನೊಂದರಲ್ಲೂ ಪ್ಲಾಸ್ಟಿಕ್ಕಿನ ಗುರುತು ಎದ್ದು ಕಂಡಿತು.

ಇಷ್ಟಾದರೂ ಅದು ಅರ್ಧ ಗೆಲುವು. ಕಾರಣ ಇದೇ ಅಂದಮೇಲೆ, ಆ ಕಾರಣ ತೆಗೆದರೆ ಉಸಿರು ಏರಬೇಕು. ಏರುತ್ತದೆಯೇ? ಚಳಿಗಾಲ ಮುಗಿಯಲು ಇನ್ನು ಆರೇ ಶನಿವಾರ ಉಳಿದಿದ್ದವು.

ಮೊದಲ ಶನಿವಾರ ಸೋತರು. ಹಿಂದಿನ ಎರಡು ದಿನ ಹಾಲಿನ ಸಾಲಿನಲ್ಲಿ ಒಬ್ಬೊಬ್ಬರಿಗೂ ಹೇಳಿದ್ದರು, ಶೀಟು ಹಚ್ಚಬೇಡಿ, ಹಚ್ಚಬೇಡಿ ಅಂತ. ಎಲ್ಲರೂ ಹೂಂ ಅಂದಿದ್ದರು. ಕಾಗದ ತೆಗೆದರೆ ಮೊದಲಿನಷ್ಟೇ ಕಪ್ಪು. ತಾರಸಿಯ ಮೇಲೆ ಕುಳಿತುಬಿಟ್ಟರು. ತಪ್ಪು ತಿಳಿದದ್ದು ಸುನಂದಳಿಂದ.

"ಅತ್ತೆ, ಸಾಲಲ್ಲಿ ನಿಂತು ಹಾಲು ಹಾಕೋರು ಯಾರು? ಯಜಮಾನರು, ಅತ್ತೆದೀರು. ನಾಲ್ಕು ಗಂಟೆಗೆದ್ದು ಒಲೆ ಹಚ್ಚೋರು ಯಾರು? ನಮ್ಮಂಥ ಸೊಸೇರು. ಅವ್ರಿಗೆ ಯಾರು ಬಂದು ಹೇಳಿದ್ರು?"

ಮುಂದಿನ ಶುಕ್ರವಾರ ಅತ್ತೆ ಸೊಸೆ ಇಬ್ಬರೂ ಹಿತ್ತಿಲಿನಿಂದ ಹಿತ್ತಿಲಿಗೆ ನಡೆದರು. ಬರಿಗೈಯಲ್ಲಿ ಅಲ್ಲ. ಹಿಪ್ಪುನೇರಳೆ ಸೊಪ್ಪು ಹುಳಕ್ಕೆ ಹೋದ ಮೇಲೆ ಉಳಿಯುವ ಕಡ್ಡಿ ಈ ಊರಲ್ಲಿ ಬೇಕಾದಷ್ಟು. ಅದನ್ನು ವಾರವಿಡೀ ಒಣಗಿಸಿ, ಸಣ್ಣಗೆ ಮುರಿದು, ಹಿಡಿ ಹಿಡಿ ಕಟ್ಟಿ ಇಟ್ಟಿದ್ದರು. ಒಂದೊಂದು ಬಚ್ಚಲಿಗೆ ಒಂದೊಂದು ಕಟ್ಟು. ಗಂಡಸರು ನಕ್ಕರು. ಊರಿನ ಹಿರಿಯಜ್ಜಿ ದೊಡ್ಡಮುನಿಯಮ್ಮ ಬಾಗಿಲಲ್ಲೇ ತಡೆದರು.

"ಏನೇ ಮುನಿಯಲ್ಲಿ, ಇಷ್ಟು ವರ್ಷ ಹಾಲಿನ ಕ್ಯಾನು ತೊಳೆದೆ, ಈಗ ಊರಿನ ಗಾಳಿ ತೊಳೀತೀಯಾ?"

"ಹೂಂ ಅಜ್ಜಿ. ಕ್ಯಾನಾದ್ರೆ ನಾನೊಬ್ಳೇ ಸಾಕಿತ್ತು. ಇದಕ್ಕೆ ನೀನೂ ಕೈ ಹಾಕ್ಬೇಕು."

"ನಿನ್ನ ಕಡ್ಡಿ ಹತ್ತದೇ ಇದ್ರೆ? ತಿಮ್ಮಪ್ಪನ ವಾರ ತಣ್ಣೀರಲ್ಲಿ ಮಿಂದು ಸಾಯ್ಲಾ ನಾನು?"

"ಹತ್ತದಿದ್ರೆ ನಾನೇ ಬಂದು ನೀರು ಕಾಸಿ, ಬೆನ್ನುಜ್ಜಿ ಹೋಗ್ತೀನಿ."

ಮಾತಿಗೆ ತಪ್ಪಲಿಲ್ಲ. ನಾಲ್ಕಕ್ಕೆ ಅಜ್ಜಿಯ ಬಚ್ಚಲಲ್ಲಿ ಕಡ್ಡಿ ಹತ್ತಿಸಿಕೊಟ್ಟು, ಬೆನ್ನನ್ನೂ ಉಜ್ಜಿ, ಆಮೇಲೆ ಏಣಿ ಹತ್ತಿದರು. ಆ ಶನಿವಾರದ ಕಾಗದ ಕಪ್ಪಿರಲಿಲ್ಲ. ಬೂದಿಗಿಂತಲೂ ತಿಳಿ ಇತ್ತು.

"ಎರಡು ಸಲ ಬೆಳಕಿಗೆ ಹಿಡಿದು ನೋಡ್ದೆ," ಅನ್ನುತ್ತಾರೆ. "ಕೆಳಗಿಳಿದು ಸುನಂದಳ ಕೈಗೆ ಕೊಳವೆ ಕೊಟ್ಟೆ. ಊದೇ ಅಂದೆ. ಮುನ್ನೂರ ಐದು. ಶನಿವಾರ ಅಷ್ಟು ಊದಿದ್ದು ಪುಸ್ತಕದಾಗೆ ಎಲ್ಲೂ ಇಲ್ಲ. ಇನ್ನೊಂದ್ಸಲ ಅಂದೆ. ಮುನ್ನೂರ ಹದಿನೈದು. ಸೊಣ್ಣಪ್ಪಣ್ಣ ಹಾಲು ಅಳೆಯೋದು ಬಿಟ್ಟು ಬಂದು ನೋಡಿದ್ರು. ಸಾಲೆಲ್ಲ ಮುರಿದು ಬಂತು."

ಉಳಿದ ಶನಿವಾರಗಳೂ ಹಾಗೇ ಬಂದವು, ಒಂದೊಂದು ಸಲ ಒಂದೊಂದು ಮನೆಯ ಹಟದಿಂದ ಚೂರು ಮಾಸಿದ್ದು ಬಿಟ್ಟರೆ. ಕ್ಯಾಲನೂರು ಕಡೆ ಆಶಾರಾಣಿ ಸೋಮವಾರಗಳನ್ನು ಗೆದ್ದಳು. ತಿರಸ್ಕಾರವಾದ ಹನ್ನೊಂದು ಕಾಗದ ಮತ್ತೆ ಲೆಕ್ಕಕ್ಕೆ ಬಂದವು. ಬಂದದ್ದಷ್ಟೇ ಅಲ್ಲ, ತಂಡದ ವರದಿಯಲ್ಲಿ ಅವೇ ಮುಂದಿನ ಸಾಲಿನಲ್ಲಿ ಕುಳಿತವು. ಇಂಥ ಹೊಗೆ, ಇಂಥ ಹೊತ್ತು, ಇಷ್ಟು ಜನರ ಎದೆಯಲ್ಲಿ ಇಷ್ಟು ಇಳಿತ, ಹೊಗೆ ನಿಂತಾಗ ಇಷ್ಟು ಏರಿಕೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಕಾಗದ ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಇದರಿಂದ ಇಟ್ಟಿಗೆ ಗೂಡಿನ ಹೊಗೆಯೂ ಲಾರಿಯ ಹೊಗೆಯೂ ಒಳ್ಳೆಯವು ಅಂತ ಆಗಲಿಲ್ಲ. ಮುನಿಯಲ್ಲಮ್ಮ ಅದನ್ನು ಒತ್ತಿ ಹೇಳುತ್ತಾರೆ. "ದಿನಾ ಬರೋ ಬೂದು ಅವರದ್ದು. ಅದಕ್ಕೂ ಕಾಗದ ಇದೆ ನನ್ನತ್ರ. ಈಗ ಊರವ್ರು ಗೂಡಿನ ಮೇಲೆ ಅರ್ಜಿ ಕೊಟ್ಟವ್ರೆ, ನನ್ನ ಪುಸ್ತಕದ ನಕಲು ಇಟ್ಟೇ ಕೊಟ್ಟವ್ರೆ. ಮೊದಲು ನಮ್ಮ ಬಚ್ಚಲು ಸರಿ ಮಾಡ್ಕೊಂಡ್ವಿ. ಈಗ ಧೈರ್ಯವಾಗಿ ಅವರ ಬಾಗಿಲಿಗೆ ಹೋಗ್ಬಹುದು."

ಶೀಟಿನ ಗುಡ್ಡೆಗೂ ದಾರಿ ಕಂಡಿದೆ. ಮಣ್ಣು ಮೆತ್ತಿದೆ ಅಂತ ಮುಟ್ಟದಿದ್ದ ಗುಜರಿಯವರು ಈಗ ತಿಂಗಳಿಗೊಮ್ಮೆ ಡೈರಿ ಹಿಂದಿನ ಶೆಡ್ಡಿಗೆ ಬಂದು ಒಯ್ಯುತ್ತಾರೆ. ಬಿಸಿಲಿಗೆ ಹರವಿ, ಒಣಗಿದ ಮೇಲೆ ಕೋಲಿನಿಂದ ಬಡಿದರೆ ಮಣ್ಣು ಉದುರುತ್ತದೆ ಅಂತ ಕಂಡುಕೊಂಡವಳು ಸುನಂದ. ಬಡಿಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಮೂಗಿಗೆ ಬಟ್ಟೆ ಕಟ್ಟದವರನ್ನು ಹತ್ತಿರ ಸೇರಿಸುವುದಿಲ್ಲ. ಈ ಚಳಿಗಾಲದಲ್ಲಿ ಅವಳು ಇನ್ನೂ ಒಂದು ಸಲವೂ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಡಾಕ್ಟರು ಕೊಟ್ಟ ಉಸಿರಿನ ಪಂಪು ಸೊಂಟದಲ್ಲೇ ಇರುತ್ತದೆ, ಅದನ್ನು ಬಿಡಿಸಿಲ್ಲ. ತೆಗೆಯುವ ಸಂದರ್ಭ ಕಡಿಮೆ, ಅಷ್ಟೆ.

ಕಳೆದ ತಿಂಗಳು ತಂಡದವರು ಮುನಿಯಲ್ಲಮ್ಮನನ್ನು ಮುಳಬಾಗಿಲಿಗೆ ಕರೆದುಕೊಂಡು ಹೋದರು. ಮೂರು ತಾಲ್ಲೂಕಿನಿಂದ ಹೊಸದಾಗಿ ಆರಿಸಿದ ಒಂಬತ್ತು ಹೆಂಗಸರಿಗೆ ಕಾಗದ ಬದಲಿಸುವುದನ್ನು ಕಲಿಸಬೇಕಿತ್ತು. ಪ್ರೊಜೆಕ್ಟರು, ಕುರ್ಚಿ, ಎಲ್ಲ ಇತ್ತು. ಇವರು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು, ಎಲ್ಲರ ಕೈ ಚಾಚಿಸಿ ಮೊದಲು ಉಗುರು ನೋಡಿದರಂತೆ. ಆಮೇಲೆ ತೆಲುಗು ಕನ್ನಡ ಬೆರೆಸಿ ಪಾಠ. ತವರಿನ ಶ್ರೀನಿವಾಸಪುರದ ಕಡೆಯವಳೊಬ್ಬಳು, "ಮೇಡಂ, ಊರಿಗೆ ಹೋದ ತಕ್ಷಣ ಮೊದಲು ಏನು ಮಾಡ್ಬೇಕು?" ಎಂದು ಕೇಳಿದಳು. ಮೇಡಂ ಅನ್ನಿಸಿಕೊಂಡಿದ್ದು ಅದೇ ಮೊದಲು. ಹಿಂದೆ ಯಾರಾದರೂ ಬಂದರೇನೋ ಅಂತ ತಿರುಗಿ ನೋಡಿದರು.

ಅವರು ಕೊಟ್ಟ ಉತ್ತರ ಈಗ ಅಚ್ಚಾಗಿದೆ. ಹೊಸ ಹಳ್ಳಿಗೆ ಯಂತ್ರ ಇಡುವ ಮೊದಲು ಬೆಂಗಳೂರಿನವರು ತುಂಬುವ ನಮೂನೆಯಲ್ಲಿ ಗಾಳಿ ಯಾವ ಕಡೆಯದು, ಹೆದ್ದಾರಿ ಎಷ್ಟು ದೂರ, ಗೂಡು ಎಷ್ಟು ಎಂಬ ಪ್ರಶ್ನೆಗಳಿದ್ದವು. ಈಗ ಅವೆಲ್ಲಕ್ಕಿಂತ ಮೇಲೆ ಒಂದು ಹೊಸ ಸಾಲು: ಊರಿನವರ ಮನೆದೇವರ ವಾರ ಯಾವುದು?

ಡೈರಿಯ ಸಾಲು ಕರಗುತ್ತಿದೆ. ಮಂಜೂ ಕರಗುತ್ತಿದೆ. ಹೋದ ವರ್ಷ ಬಾಗಿಲಲ್ಲಿ ತಡೆದ ದೊಡ್ಡಮುನಿಯಮ್ಮ ಕೊನೆಯವರಾಗಿ ಬಂದು, ಹಾಲು ತರದಿದ್ದರೂ, ಕೊಳವೆಗೆ ಕೈ ಚಾಚುತ್ತಾರೆ. ಹಲ್ಲಿಲ್ಲದ ಬಾಯಿಯಿಂದ ಗಾಳಿ ಪಕ್ಕಕ್ಕೆ ಸೋರುತ್ತದೆ. ನೂರ ಅರವತ್ತು.

"ಬರೀ ಅಷ್ಟೇನೇ? ಚೆನ್ನಾಗಿ ನೋಡು, ನಿನ್ನ ಕಣ್ಣು ಮಂಜಾಗ್ಯದೆ."

"ನೂರ ಅರವತ್ತೇ ಅಜ್ಜಿ. ಹೋದ ವರ್ಷ ನೂರ ಹತ್ತು. ಬರೆದೀವ್ನಿ ನೋಡು."

"ಹಂಗಾದ್ರೆ ಮುಂದಿನ ವರ್ಷಕ್ಕೂ ಒಂದು ಸಾಲು ಬಿಟ್ಟಿರು," ಎಂದು ಅಜ್ಜಿ ಕೋಲೂರುತ್ತಾ ಹೊರಡುತ್ತಾರೆ.

ಹೊರಡುವ ಮುಂಚೆ ಕೇಳುತ್ತೇನೆ: ಇನ್ನೇನು ಆಸೆ ಇದೆ ಮುನಿಯಲ್ಲಮ್ಮ? ಮರ್ಯಾದೆ ಬಂತು, ಸೊಸೆಗೆ ಉಸಿರು ಬಂತು.

ಅವರು ಐಸ್ ಡಬ್ಬದ ಮುಚ್ಚಳ ಒತ್ತಿ, ದಾರ ಬಿಗಿಯುತ್ತಾರೆ.

"ಒಂದೇ ಒಂದು ಸಲ ಶಿವಕುಮಾರ್ ಸಾರ್ ಹತ್ರ ಬೈಸ್ಕೋಬೇಕು ಕಣಮ್ಮ. ಶನಿವಾರದ ಕಾಗದ ಎಷ್ಟು ಬೆಳ್ಳಗೆ ಹೋಗ್ಬೇಕು ಅಂದ್ರೆ, ಅವ್ರು ಕೋಲಾರದಿಂದ ಬೈಕಲ್ಲಿ ಓಡಿ ಬರ್ಬೇಕು. ಏನಮ್ಮ, ಯಂತ್ರ ಓಡಿಸಿದ ಕಾಗದ ಅಂತ ಖಾಲಿ ಕಾಗದ ಕಳಿಸಿದ್ದೀಯಲ್ಲ, ಕಣ್ಣು ಕಾಣಲ್ವಾ ಅಂತ ರೇಗಬೇಕು."

ಏಣಿಯ ಇಬ್ಬನಿಯನ್ನು ಸೆರಗಿನಿಂದ ಒರೆಸುತ್ತಾರೆ.

"ಆವತ್ತು ನಾನು ಒಂದು ಮಾತೂ ಎದುರಾಡಲ್ಲ. ಕಾಫಿ ಕೊಟ್ಟು ಕಳಿಸ್ತೀನಿ."